ಗಾಜಿನ ಫಲಕದಲ್ಲಿ ಆಕಾಶವನ್ನು ಅಳೆದ ಹೆನ್ರಿಯೆಟಾ ಲೆವಿಟ್



ಮೋಡವಿಲ್ಲದ ರಾತ್ರಿ ಮನೆಯ ಮಾಳಿಗೆ ಹತ್ತಿ ಆಕಾಶವನ್ನು ನೋಡಿ. ನಿನ್ನೆ ಇದ್ದ ನಕ್ಷತ್ರಗಳೇ ಇಂದೂ ಇವೆ, ನಿನ್ನೆಯಷ್ಟೇ ಹೊಳೆಯುತ್ತಿವೆ ಎಂದು ನಿಮಗೆ ಅನಿಸುತ್ತದೆ. ನಮ್ಮ ಅಜ್ಜಂದಿರಿಗೂ ಹಾಗೆಯೇ ಅನಿಸಿತ್ತು. ಆದರೆ ಆಕಾಶದಲ್ಲಿ ಕೆಲವು ನಕ್ಷತ್ರಗಳು ಹಾಗಿಲ್ಲ. ಅವು ಕೆಲವು ದಿನ ಮಂಕಾಗುತ್ತವೆ, ಮತ್ತೆ ಬೆಳಗುತ್ತವೆ, ಪುನಃ ಮಂಕಾಗುತ್ತವೆ. ಇಂಥವನ್ನು ಚರ ನಕ್ಷತ್ರಗಳು ಎನ್ನುತ್ತಾರೆ. ಇವುಗಳಲ್ಲಿ ಸುಮಾರು 2,400ನ್ನು ಒಬ್ಬರೇ ಗುರುತಿಸಿದ, ಆ ಮೂಲಕ ವಿಶ್ವದ ಉದ್ದಗಲವನ್ನು ಅಳೆಯುವ ಅಳತೆಗೋಲನ್ನೇ ನಮಗೆ ಕೊಟ್ಟ ಒಬ್ಬ ಮಹಿಳೆಯ ಬಾಳಿನ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಹೆನ್ರಿಯೆಟಾ ಸ್ವಾನ್ ಲೆವಿಟ್. ಅವರು ಈ ಕೆಲಸವನ್ನು ದೂರದರ್ಶಕದ ಬಳಿ ಕುಳಿತು ಮಾಡಲಿಲ್ಲ, ಹಗಲು ಹೊತ್ತಿನಲ್ಲಿ ಮೇಜಿನ ಮುಂದೆ ಕುಳಿತು ಮಾಡಿದರು. ಅವರಿಗೆ ಸಿಕ್ಕ ಕೂಲಿ ಗಂಟೆಗೆ 30 ಸೆಂಟ್.

ಮೊದಲು ಸ್ವಲ್ಪ ಹಿನ್ನೆಲೆ ತಿಳಿಯುವುದು ಒಳ್ಳೆಯದು. ಪರ್ಸಿಯಸ್ ಎಂಬ ನಕ್ಷತ್ರಪುಂಜದಲ್ಲಿ ಆಲ್ಗಾಲ್ ಎಂಬ ನಕ್ಷತ್ರವಿದೆ. ಉರ್ದು ಓದಿದವರಿಗೆ ಈ ಹೆಸರಿನ ಮೂಲ ಹೊಳೆದೇ ಹೊಳೆಯುತ್ತದೆ: ಅರಬ್ಬಿಯ ರಾಸುಲ್ ಗೂಲ್, ಅಂದರೆ ಪಿಶಾಚಿಯ ತಲೆ. ಗ್ರೀಕರು ಆ ಜಾಗದಲ್ಲಿ ರಾಕ್ಷಸಿಯೊಬ್ಬಳ ತಲೆಯನ್ನು ಚಿತ್ರಿಸಿಕೊಂಡಿದ್ದರು, ಅರಬ್ಬರು ಅದನ್ನೇ ತಮ್ಮ ಭಾಷೆಗೆ ತಂದರು, ಯುರೋಪಿನವರು ಅರಬ್ಬಿ ಹೆಸರನ್ನು ಉಳಿಸಿಕೊಂಡರು. ಈ ನಕ್ಷತ್ರ ಮೂರು ದಿನಕ್ಕೆ ಸ್ವಲ್ಪ ಕಡಿಮೆ ಅವಧಿಗೊಮ್ಮೆ ತಪ್ಪದೆ ಮಂಕಾಗುತ್ತದೆ ಎಂಬುದನ್ನು ಲೆಕ್ಕಹಾಕಿ ತೋರಿಸಿದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್ರಿಕ್. ಅವನು ಚಿಕ್ಕಂದಿನಿಂದಲೇ ಕಿವುಡ. 1783ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಾಗ ಅವನ ವಯಸ್ಸು ಇಪ್ಪತ್ತೂ ದಾಟಿರಲಿಲ್ಲ. ಮರುವರ್ಷ, 1784ರಲ್ಲಿ, ಸೆಫಿಯಸ್ ಪುಂಜದ ಡೆಲ್ಟಾ ಎಂಬ ನಕ್ಷತ್ರವೂ ಸುಮಾರು 5 ದಿನ 9 ಗಂಟೆಗೊಮ್ಮೆ ಏರಿಳಿಯುತ್ತದೆ ಎಂದು ಕಂಡುಹಿಡಿದ. 1786ರಲ್ಲಿ, 21ನೇ ವಯಸ್ಸಿನಲ್ಲಿ, ತೀರಿಕೊಂಡ. ಡೆಲ್ಟಾ ಸೆಫಿಯಂತೆ ನಡೆದುಕೊಳ್ಳುವ ನಕ್ಷತ್ರಗಳಿಗೆ ಮುಂದೆ ಸೆಫೀಡ್ ಎಂಬ ಹೆಸರು ಬಂತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯೆಲ್ಲ ಇವುಗಳ ಸುತ್ತಲೇ ಇದೆ.

ಆ ಕಾಲದಲ್ಲಿ ಚರ ನಕ್ಷತ್ರವನ್ನು ಹುಡುಕುವುದೆಂದರೆ ಒಂದೊಂದೇ ನಕ್ಷತ್ರವನ್ನು ಕಣ್ಣಿನಿಂದ ನೋಡಿ, ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ, ಬರೆದಿಟ್ಟುಕೊಳ್ಳುವುದು. ನಮ್ಮ ದೇಶದಲ್ಲಿಯೂ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರು 1867ರಲ್ಲಿ ಹೀಗೆಯೇ ಒಂದು ಚರ ನಕ್ಷತ್ರವನ್ನು ಕಂಡುಹಿಡಿದರು. ವರ್ಷಗಟ್ಟಲೆ ನೋಡಿದರೂ ಒಬ್ಬರ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯಷ್ಟು. ನಂತರ ಛಾಯಾಚಿತ್ರ ಬಂತು. ಎಲ್ಲವೂ ಬದಲಾಯಿತು.

ಹೆನ್ರಿಯೆಟಾ ಹುಟ್ಟಿದ್ದು 1868ರ ಜುಲೈ 4ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದರಿ. ಓದಿಗೆ ಮಹತ್ವ ಕೊಟ್ಟ ಮನೆ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಓಹಾಯೋ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ ಓದಿದರು, ಆಮೇಲೆ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿದ್ದ ಮಹಿಳಾ ಶಿಕ್ಷಣ ಸಂಸ್ಥೆಗೆ ಸೇರಿದರು. ಅದೇ ಮುಂದೆ ರ್‍ಯಾಡ್‌ಕ್ಲಿಫ್ ಕಾಲೇಜು ಆಯಿತು. ಹಾರ್ವರ್ಡ್‌ನ ಪ್ರಾಧ್ಯಾಪಕರೇ ಅಲ್ಲಿಗೆ ಬಂದು ಪಾಠ ಹೇಳುತ್ತಿದ್ದರು, ಆದರೆ ಹಾರ್ವರ್ಡ್‌ನ ಪದವಿಯನ್ನು ಹುಡುಗಿಯರಿಗೆ ಕೊಡುತ್ತಿರಲಿಲ್ಲ. 1892ರಲ್ಲಿ ಓದು ಮುಗಿಯಿತು. ಕೊನೆಯ ವರ್ಷದಲ್ಲಿ ತೆಗೆದುಕೊಂಡ ಒಂದೇ ಒಂದು ಖಗೋಳ ವಿಜ್ಞಾನದ ಪಾಠ ಅವರನ್ನು ಹಾರ್ವರ್ಡ್ ವೀಕ್ಷಣಾಲಯದ ಬಾಗಿಲಿಗೆ ಕರೆತಂದಿತು. ಆರಂಭದಲ್ಲಿ ಸಂಬಳವಿಲ್ಲದೆ, ಕಲಿಯುವ ಆಸೆಯಿಂದ ದುಡಿದರು. 1896ರಲ್ಲಿ ಯುರೋಪ್ ಪ್ರವಾಸ ಹೋದರು, ಆಮೇಲೆ ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಊರಿನಲ್ಲಿ ತಂದೆತಾಯಿಯ ಬಳಿ ಇದ್ದು, ಅಲ್ಲಿನ ಕಾಲೇಜಿನ ಕಲಾ ವಿಭಾಗದಲ್ಲಿ ಸಹಾಯಕಿಯಾದರು.

ಈ ನಡುವೆ ಅವರ ಕಿವಿ ಮಂದವಾಗುತ್ತಾ ಬಂತು. ವರ್ಷ ಕಳೆದಂತೆ ಅದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. 1902ರಲ್ಲಿ ಅವರು ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಚಾರ್ಲ್ಸ್ ಪಿಕರಿಂಗ್ ಅವರಿಗೆ ಪತ್ರ ಬರೆದು, ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸುವ ಆಸೆಯನ್ನು ತಿಳಿಸಿದರು. ಚಳಿಯಿಂದ ಕಿವಿಗೆ ತೊಂದರೆ ಹೆಚ್ಚುತ್ತದೆ, ಬೆಚ್ಚಗಿನ ಪ್ರದೇಶದಲ್ಲಿ ಎಲ್ಲಾದರೂ ಇಂಥ ಕೆಲಸ ಸಿಕ್ಕೀತೇ ಎಂದೂ ವಿಚಾರಿಸಿದರು. ಪಿಕರಿಂಗ್ ಅವರನ್ನು ಹಾರ್ವರ್ಡ್‌ಗೇ ಕರೆದರು. ಉಳಿದ ಮಹಿಳೆಯರಿಗೆ ಸಾಮಾನ್ಯವಾಗಿ ಗಂಟೆಗೆ 25 ಸೆಂಟ್, ಇವರಿಗೆ 30 ಕೊಡುವುದಾಗಿ ಹೇಳಿದರು. ಕಿವಿ ಕೇಳದ ಮಗು ತರಗತಿಯಲ್ಲಿ ಹಿಂದೆ ಬಿದ್ದರೆ ದಡ್ಡ ಎಂದು ಬದಿಗಿಡುವವರು ಇಂದಿಗೂ ಇದ್ದಾರೆ. ಗುಡ್ರಿಕ್, ಲೆವಿಟ್, ಲೆವಿಟ್ ಅವರ ಸಹೋದ್ಯೋಗಿ ಆ್ಯನಿ ಜಂಪ್ ಕ್ಯಾನನ್, ಈ ಮೂವರಿಗೂ ಕಿವಿಯ ತೊಂದರೆ ಇತ್ತು ಎಂಬುದನ್ನು ಶಿಕ್ಷಕ ಮಿತ್ರರು ಗಮನಿಸಬೇಕೆಂದು ಕೋರುತ್ತೇನೆ.

ಪಿಕರಿಂಗ್ ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. 1877ರಲ್ಲಿ ನಿರ್ದೇಶಕರಾದ ಅವರು, ಇಡೀ ಆಕಾಶವನ್ನು ಮತ್ತೆ ಮತ್ತೆ ಛಾಯಾಚಿತ್ರ ತೆಗೆದು ಶೇಖರಿಸಿಡಬೇಕೆಂಬ ಯೋಜನೆ ಹಾಕಿಕೊಂಡರು. ಒಂದು ನಕ್ಷತ್ರವನ್ನು ಹತ್ತಿರದಿಂದ ನೋಡುವ ದೂರದರ್ಶಕ ಒಂದು ಬಗೆ, ಆಕಾಶದ ದೊಡ್ಡ ತುಂಡನ್ನು ಒಂದೇ ಚಿತ್ರದಲ್ಲಿ ಹಿಡಿಯುವ ದೂರದರ್ಶಕ ಇನ್ನೊಂದು ಬಗೆ. ಪಿಕರಿಂಗ್ ಅವರಿಗೆ ಬೇಕಾಗಿದ್ದುದು ಎರಡನೆಯದು. ಅದಕ್ಕೆ 1889ರಲ್ಲಿ ನ್ಯೂಯಾರ್ಕಿನ ಕ್ಯಾಥರೀನ್ ಬ್ರೂಸ್ ಎಂಬ ಮಹಿಳೆ 50,000 ಡಾಲರ್ ದಾನ ಕೊಟ್ಟರು. ಅದರಿಂದ ತಯಾರಾದ 24 ಇಂಚಿನ ಬ್ರೂಸ್ ದೂರದರ್ಶಕವನ್ನು ದಕ್ಷಿಣ ಅಮೆರಿಕದ ಪೆರು ದೇಶದ ಅರಿಕೀಪಾದಲ್ಲಿದ್ದ ಹಾರ್ವರ್ಡ್‌ನ ಶಾಖೆಗೆ 1896ರಲ್ಲಿ ಸಾಗಿಸಿದರು. ಅದರ ಗಾಜಿನ ಫಲಕ 14 ಇಂಚು ಅಗಲ, 17 ಇಂಚು ಉದ್ದ. ಹುಣ್ಣಿಮೆಯ ಚಂದ್ರನನ್ನು ಹನ್ನೆರಡು ಸಲ ಸಾಲಾಗಿ ಜೋಡಿಸಿದರೆ ಆ ಫಲಕದ ಒಂದು ಬದಿ ತುಂಬುತ್ತದೆ. ಒಂದು ಫಲಕದಲ್ಲಿ ಸಾವಿರಾರು ನಕ್ಷತ್ರ! ವಿಜ್ಞಾನದ ಇತಿಹಾಸದಲ್ಲಿ ದಾನಿಗಳ ಹೆಸರು ಬೇಗ ಮರೆತುಹೋಗುತ್ತದೆ, ಅದಕ್ಕಾಗಿ ಇಲ್ಲಿ ಬರೆದೆ.

ಫಲಕಗಳೇನೋ ಬಂದವು, ಅವನ್ನು ಓದುವವರು ಯಾರು? ಪಿಕರಿಂಗ್ ಈ ಕೆಲಸಕ್ಕೆ ಮಹಿಳೆಯರನ್ನು ನೇಮಿಸಿಕೊಂಡರು. ಅವರನ್ನು ಕಂಪ್ಯೂಟರ್‌ಗಳು ಎಂದು ಕರೆಯುತ್ತಿದ್ದರು. ಇಂದು ಯಂತ್ರಕ್ಕಿರುವ ಹೆಸರು ಅಂದು ಲೆಕ್ಕ ಮಾಡುವ ಮನುಷ್ಯರಿಗಿತ್ತು. ಇವರ ಪೈಕಿ ಹಿರಿಯರಾದ ವಿಲಿಯಮಿನಾ ಫ್ಲೆಮಿಂಗ್, ಸ್ಕಾಟ್ಲೆಂಡಿನಿಂದ ಬಂದು, ಗಂಡ ಬಿಟ್ಟುಹೋದ ಮೇಲೆ ಪಿಕರಿಂಗ್ ಅವರ ಮನೆಯಲ್ಲಿ ಕೆಲಸಕ್ಕಿದ್ದವರು, ಮುಂದೆ 300ಕ್ಕೂ ಹೆಚ್ಚು ಚರ ನಕ್ಷತ್ರಗಳನ್ನು ಕಂಡುಹಿಡಿದರು. ಮಹಿಳೆಯರನ್ನು ನೇಮಿಸಿದ್ದು ಪಿಕರಿಂಗ್ ಅವರ ಉದಾರತೆಯೋ, ಕಡಿಮೆ ಸಂಬಳಕ್ಕೆ ಹೆಚ್ಚು ಜನ ಸಿಗುತ್ತಾರೆಂಬ ಲೆಕ್ಕಾಚಾರವೋ? ಎರಡೂ ಇತ್ತು ಎಂಬುದು ನನ್ನ ಅಭಿಪ್ರಾಯ. ಬೇರೆ ಕಡೆ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆದಿತ್ತು, ಆದರೆ ಅರ್ಧ ಮಾತ್ರ ತೆರೆದಿತ್ತು. ರಾತ್ರಿ ದೂರದರ್ಶಕದ ಬಳಿ ಕೆಲಸ ಗಂಡಸರದ್ದು, ಹಗಲಿನಲ್ಲಿ ಫಲಕಗಳ ಕೆಲಸ ಹೆಂಗಸರದ್ದು.

ಲೆವಿಟ್ ಅವರಿಗೆ ಒಪ್ಪಿಸಿದ್ದು ಚರ ನಕ್ಷತ್ರಗಳನ್ನು ಹುಡುಕುವ ಕೆಲಸ. ಅದನ್ನು ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಇಂದಿನ ದೊಡ್ಡ ಸಮೀಕ್ಷೆಗಳೂ ಮಾಡುವುದು ಇದನ್ನೇ. ಛಾಯಾಚಿತ್ರದ ಗಾಜಿನ ಫಲಕ ನೆಗೆಟಿವ್ ಆಗಿರುತ್ತದೆ: ಆಕಾಶ ಪಾರದರ್ಶಕ, ನಕ್ಷತ್ರ ಕಪ್ಪು ಚುಕ್ಕಿ. ನಕ್ಷತ್ರ ಪ್ರಕಾಶಮಾನವಾದಷ್ಟೂ ಚುಕ್ಕಿ ದೊಡ್ಡದು. ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ರಾತ್ರಿ ತೆಗೆದ ಹಲವು ಫಲಕಗಳಿವೆ ಎಂದುಕೊಳ್ಳಿ. ಅದರಲ್ಲಿ ಒಂದರಿಂದ ಪಾಸಿಟಿವ್ ಪ್ರತಿ ಮಾಡಿಕೊಳ್ಳುತ್ತಾರೆ, ಅದರಲ್ಲಿ ಕಪ್ಪು ಆಕಾಶ, ಬಿಳಿ ಚುಕ್ಕಿ. ಈಗ ಬೇರೊಂದು ರಾತ್ರಿಯ ನೆಗೆಟಿವ್ ಅನ್ನು ಅದರ ಮೇಲೆ ಸರಿಯಾಗಿ ಕೂರಿಸಿ ಬೆಳಕಿಗೆ ಹಿಡಿದರೆ, ಬದಲಾಗದ ನಕ್ಷತ್ರದ ಬಿಳಿ ಚುಕ್ಕಿಯನ್ನು ಕಪ್ಪು ಚುಕ್ಕಿ ಮುಚ್ಚಿಬಿಡುತ್ತದೆ. ನಕ್ಷತ್ರ ಮಂಕಾಗಿದ್ದರೆ ಬಿಳಿಯ ಅಂಚು ಇಣುಕುತ್ತದೆ. ಹೆಚ್ಚು ಬೆಳಗಿದ್ದರೆ ಕಪ್ಪು ಚುಕ್ಕಿ ಹೊರಗೆ ಚಾಚಿಕೊಳ್ಳುತ್ತದೆ. ಭೂತಗನ್ನಡಿ ಹಿಡಿದು ಇಂಥ ಚುಕ್ಕಿಯನ್ನು ಸಾವಿರಾರು ಚುಕ್ಕಿಗಳ ನಡುವೆ ಹೆಕ್ಕಿ, ಗಾಜಿನ ಮೇಲೆ ಶಾಯಿಯಿಂದ ಗುರುತು ಮಾಡಿ, ಸಂಖ್ಯೆ ಕೊಟ್ಟು, ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ಹೊಳಪನ್ನು ಅಂದಾಜು ಮಾಡಿ, ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಇನ್ನೊಂದು ಫಲಕ, ಮತ್ತೊಂದು ಫಲಕ. ನೂರಾರು ಉತ್ತರ ಪತ್ರಿಕೆಗಳನ್ನು ತಿದ್ದಿದ ಶಿಕ್ಷಕರಿಗೆ ಗೊತ್ತಿದೆ, ಮೊದಲ ಹತ್ತಕ್ಕೆ ಕೊಟ್ಟ ಗಮನವನ್ನೇ ಕೊನೆಯ ಹತ್ತಕ್ಕೂ ಕೊಡುವುದು ಎಷ್ಟು ಕಷ್ಟ ಎಂದು.

1904ರಲ್ಲಿ ಲೆವಿಟ್ ಅವರ ಮೇಜಿಗೆ ಬಂದ ಫಲಕಗಳಲ್ಲಿ ಮೆಗೆಲನ್ನನ ಚಿಕ್ಕ ಮೋಡದ ಚಿತ್ರಗಳಿದ್ದವು. ದಕ್ಷಿಣ ಆಕಾಶದಲ್ಲಿ ಬಿಳಿ ಮೋಡದ ಎರಡು ತುಣುಕುಗಳಂತೆ ಕಾಣುವ ನಕ್ಷತ್ರ ಸಮೂಹಗಳಿವೆ, ದೊಡ್ಡದೊಂದು, ಚಿಕ್ಕದೊಂದು. ಕೇಂಬ್ರಿಜ್‌ನಿಂದ ಅವು ಕಾಣುವುದೇ ಇಲ್ಲ. ನಮ್ಮ ಕರ್ನಾಟಕದಿಂದಲೂ ಚಿಕ್ಕ ಮೋಡ ದಕ್ಷಿಣ ದಿಗಂತಕ್ಕೆ ಅಂಟಿಕೊಂಡಂತೆ ಕೆಳಗಿರುವುದರಿಂದ ಕಾಣುವುದಿಲ್ಲವೆಂದೇ ಹೇಳಬೇಕು. ಪೆರುವಿನ ಬೆಟ್ಟದಲ್ಲಿ ಯಾರೋ ತೆಗೆದ ಚಿತ್ರ, ಹಡಗಿನಲ್ಲಿ ಬಂದ ಗಾಜು. ಅದನ್ನು ನೋಡುತ್ತಾ ಹೋದಂತೆ ಲೆವಿಟ್ ಅವರಿಗೆ ಒಂದರ ಹಿಂದೆ ಒಂದು ಚರ ನಕ್ಷತ್ರ ಸಿಗತೊಡಗಿತು. ಒಂದು ವರ್ಷದಲ್ಲೇ ನೂರಾರು. 1908ರಲ್ಲಿ ಹಾರ್ವರ್ಡ್‌ನ ವಾರ್ಷಿಕ ಸಂಪುಟದಲ್ಲಿ ಅವರ ಪಟ್ಟಿ ಪ್ರಕಟವಾಯಿತು: ಎರಡೂ ಮೋಡಗಳಲ್ಲಿ ಸೇರಿ 1,777 ಚರ ನಕ್ಷತ್ರಗಳು. ಚಿಕ್ಕದರಲ್ಲಿ 969, ದೊಡ್ಡದರಲ್ಲಿ 808.

ಇಷ್ಟಕ್ಕೇ ನಿಂತಿದ್ದರೆ ಅವರು ಒಳ್ಳೆಯ ಗುಮಾಸ್ತೆ ಎನಿಸಿಕೊಳ್ಳುತ್ತಿದ್ದರು. ಆದರೆ ಪಟ್ಟಿಯ ಜೊತೆಗೆ ಅವರು ಒಂದು ಕೆಲಸ ಮಾಡಿದರು. 16 ನಕ್ಷತ್ರಗಳ ಏರಿಳಿತದ ಅವಧಿಯನ್ನು ಲೆಕ್ಕ ಮಾಡಿ ಸಾಲಾಗಿ ಬರೆದಾಗ, ಹೆಚ್ಚು ಹೊಳೆಯುವ ನಕ್ಷತ್ರಗಳಿಗೆ ಅವಧಿಯೂ ಹೆಚ್ಚು ಎಂಬುದು ಕಂಡಿತು. ಇದು ಗಮನಿಸತಕ್ಕ ವಿಷಯ ಎಂದು ಒಂದು ಸಾಲಿನಲ್ಲಿ ಬರೆದಿಟ್ಟರು. ಯಾರೂ ಗಮನಿಸಲಿಲ್ಲ.

ಅದೇ ವರ್ಷದ ಕೊನೆಗೆ ಲೆವಿಟ್ ಕಾಯಿಲೆ ಬಿದ್ದು ಬಾಸ್ಟನ್‌ನ ಆಸ್ಪತ್ರೆ ಸೇರಿದರು. ಆಮೇಲೆ ವಿಶ್ರಾಂತಿಗೆಂದು ಬೆಲಾಯ್ಟ್‌ಗೆ ಹೋದರು. ಪಿಕರಿಂಗ್ ಕೆಲಸವನ್ನು ಅಲ್ಲಿಗೇ ಕಳಿಸಿಕೊಟ್ಟರು. 1911ರಲ್ಲಿ ತಂದೆ ತೀರಿಕೊಂಡರು. ಹೀಗಾಗಿ 16 ನಕ್ಷತ್ರ 25 ಆಗಲು ನಾಲ್ಕು ವರ್ಷ ಹಿಡಿಯಿತು. 1912ರ ಮಾರ್ಚ್ ತಿಂಗಳಲ್ಲಿ ಮೂರು ಪುಟದ ಒಂದು ಸುತ್ತೋಲೆ ಹೊರಬಂತು. ಅದಕ್ಕೆ ಸಹಿ ಪಿಕರಿಂಗ್ ಅವರದ್ದು. ಆದರೆ ಇದನ್ನು ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂದು ಮೊದಲ ವಾಕ್ಯದಲ್ಲೇ ಅವರು ತಿಳಿಸಿದ್ದರು. ಚಿಕ್ಕ ಮೋಡದ 25 ಚರ ನಕ್ಷತ್ರಗಳ ಅವಧಿ ಅದರಲ್ಲಿತ್ತು, ಅತಿ ಕಡಿಮೆ ಒಂದೂಕಾಲು ದಿನ, ಅತಿ ಹೆಚ್ಚು 127 ದಿನ. ಹೊಳಪು ಮತ್ತು ಅವಧಿಯನ್ನು ಗ್ರಾಫ್ ಕಾಗದದ ಮೇಲೆ ಇಟ್ಟಾಗ ಚುಕ್ಕಿಗಳು ನೇರ ಗೆರೆಯ ಮೇಲೆ ಸಾಲಾಗಿ ನಿಂತವು.

ವಿದ್ಯಾರ್ಥಿಗಳೇ, ಇದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ರಾತ್ರಿ ದೂರದಲ್ಲಿ ಒಂದು ದೀಪ ಕಂಡರೆ, ಅದು ಹತ್ತಿರದ ಚಿಕ್ಕ ದೀಪವೋ ದೂರದ ದೊಡ್ಡ ದೀಪವೋ ಹೇಳಲಾಗುವುದಿಲ್ಲ. ನಕ್ಷತ್ರಗಳ ವಿಷಯದಲ್ಲಿ ಖಗೋಳ ವಿಜ್ಞಾನಿಗಳಿಗೆ ಇದೇ ತೊಡಕು. ಈಗ ನೀವು ಬೆಟ್ಟದ ಮೇಲೆ ನಿಂತು ಹತ್ತು ಮೈಲಿ ಆಚೆಯ ಒಂದು ಊರಿನ ದೀಪಗಳನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಆ ಊರಿನ ಎಲ್ಲ ದೀಪಗಳೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಆದ್ದರಿಂದ ಹೆಚ್ಚು ಬೆಳಗುವಂತೆ ಕಾಣುವ ದೀಪ ನಿಜವಾಗಿಯೂ ದೊಡ್ಡ ದೀಪವೇ. ಮೆಗೆಲನ್ನನ ಮೋಡ ಅಂಥದೊಂದು ಊರು. ಅಲ್ಲಿನ ಸೆಫೀಡ್‌ಗಳ ತೋರುವ ಹೊಳಪಿಗೂ ಅವಧಿಗೂ ಸಂಬಂಧವಿದೆ ಎಂದರೆ, ನಿಜವಾದ ಹೊಳಪಿಗೂ ಅವಧಿಗೂ ಸಂಬಂಧವಿದೆ ಎಂದೇ ಅರ್ಥ. ಲೆವಿಟ್ ಇದನ್ನು ಸ್ಪಷ್ಟವಾಗಿ ಬರೆದರು. ಯಾವುದಾದರೂ ಹತ್ತಿರದ ಸೆಫೀಡ್‌ನ ದೂರವನ್ನು ಬೇರೆ ವಿಧಾನದಿಂದ ಅಳೆಯಲು ಆದರೆ ಒಳ್ಳೆಯದು ಎಂಬ ಆಶೆಯನ್ನೂ ತಿಳಿಸಿದರು. ಅಷ್ಟು ಆದರೆ ಸಾಕು: ಆಮೇಲೆ ಆಕಾಶದಲ್ಲಿ ಎಲ್ಲಿ ಸೆಫೀಡ್ ಕಂಡರೂ ಗಡಿಯಾರ ಹಿಡಿದು ಅವಧಿ ಅಳೆಯಿರಿ, ಅವಧಿಯಿಂದ ನಿಜ ಹೊಳಪು ತಿಳಿಯುತ್ತದೆ, ತೋರುವ ಹೊಳಪಿನೊಂದಿಗೆ ಹೋಲಿಸಿದರೆ ದೂರ ತಿಳಿಯುತ್ತದೆ. ದೂರ ಎರಡು ಪಟ್ಟಾದರೆ ಹೊಳಪು ನಾಲ್ಕನೇ ಒಂದು, ಹತ್ತು ಪಟ್ಟಾದರೆ ನೂರನೇ ಒಂದು, ಇದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ.

ಈ ಆಶೆಯನ್ನು ಪೂರೈಸುವ ಕೆಲಸ ಲೆವಿಟ್ ಅವರ ಪಾಲಿಗೆ ಬರಲಿಲ್ಲ. ನನಗೆ ಈ ಬಾಳಿನಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ ಇದೇ ಎನಿಸುತ್ತದೆ, ಬಡತನವೂ ಕಿವುಡುತನವೂ ಅಲ್ಲ. ವೀಕ್ಷಣಾಲಯದ ಕೆಲಸ ಅಂಕಿ ಅಂಶ ಕೂಡಿಹಾಕುವುದು, ಊಹೆ ಸಿದ್ಧಾಂತಗಳು ಬೇರೆಯವರಿಗೆ ಇರಲಿ ಎಂಬುದು ಪಿಕರಿಂಗ್ ಅವರ ನಿಲುವು. ಅವರು ಲೆವಿಟ್ ಅವರಿಗೆ ಇನ್ನೊಂದು ದೊಡ್ಡ ಹೊರೆ ಹೊರಿಸಿದರು: ಧ್ರುವ ನಕ್ಷತ್ರದ ಸುತ್ತಲಿನ 96 ನಕ್ಷತ್ರಗಳ ಹೊಳಪನ್ನು ಅತ್ಯಂತ ನಿಖರವಾಗಿ ನಿರ್ಧರಿಸಿ, ಜಗತ್ತಿನವರೆಲ್ಲ ಬಳಸುವಂಥ ಮಾನದಂಡ ತಯಾರಿಸುವುದು. 13 ದೂರದರ್ಶಕಗಳಿಂದ ಬಂದ 299 ಫಲಕಗಳನ್ನು ತಾಳೆ ನೋಡಿ 1917ರಲ್ಲಿ ಅದನ್ನು ಮುಗಿಸಿದರು. ಉಪಯುಕ್ತ ಕೆಲಸವೇ, ಅನುಮಾನವಿಲ್ಲ. ಆದರೆ ತಾನು ಕಂಡ ಬಾಗಿಲನ್ನು ತಾನೇ ತಳ್ಳಿ ನೋಡುವ ಅವಕಾಶ ಅವರಿಗಿರಲಿಲ್ಲ. ಹಾರ್ವರ್ಡ್‌ಗೆ ನಂತರ ಬಂದ ಸಿಸಿಲಿಯಾ ಪೇನ್ ಎಂಬ ಖಗೋಳ ವಿಜ್ಞಾನಿ, ಪಿಕರಿಂಗ್ ಅವರ ಈ ನಿರ್ಧಾರದಿಂದ ಚರ ನಕ್ಷತ್ರಗಳ ಅಧ್ಯಯನ ದಶಕಗಳಷ್ಟು ಹಿಂದೆ ಬಿತ್ತೆಂದು ಅಭಿಪ್ರಾಯಪಟ್ಟರು.

ಬಾಗಿಲನ್ನು ತಳ್ಳಿದವರು ಬೇರೆಯವರು. 1913ರಲ್ಲಿ ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರುಂಗ್ ನಮ್ಮ ಸಮೀಪದ ಸೆಫೀಡ್‌ಗಳ ದೂರವನ್ನು ಅಂದಾಜಿಸಿ ಲೆವಿಟ್ ಅವರ ಗೆರೆಗೆ ಅಳತೆ ಕೂಡಿಸಿದ. ಅಮೆರಿಕದ ಹಾರ್ಲೋ ಶ್ಯಾಪ್ಲಿ ಅದನ್ನು ಬಳಸಿ ನಮ್ಮ ಆಕಾಶಗಂಗೆ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ದೊಡ್ಡದು, ಸೂರ್ಯ ಅದರ ಕೇಂದ್ರದಲ್ಲಿಲ್ಲ ಎಂದು 1918ರಲ್ಲಿ ತೋರಿಸಿದ. ಆದರೆ ಆಕಾಶಗಂಗೆಯ ಆಚೆಗೆ ಬೇರೆ ಗೆಲಾಕ್ಸಿಗಳಿವೆ ಎಂಬುದನ್ನು ಅವನು ಒಪ್ಪಲಿಲ್ಲ.

ಅದನ್ನು ತೀರ್ಮಾನಿಸಿದ್ದೂ ಒಂದು ಸೆಫೀಡ್ ನಕ್ಷತ್ರವೇ. ಕ್ರಿ.ಶ. 964ರಲ್ಲಿ ಇಸ್ಫಹಾನಿನ ಖಗೋಳ ವಿಜ್ಞಾನಿ ಅಬ್ದುರ್ರಹ್ಮಾನ್ ಅಲ್ ಸೂಫಿ ತಮ್ಮ ನಕ್ಷತ್ರಗಳ ಗ್ರಂಥದಲ್ಲಿ ಆಂಡ್ರೊಮಿಡಾ ಪುಂಜದ ಬಳಿ ಒಂದು ಪುಟ್ಟ ಮೋಡವಿದೆ ಎಂದು ದಾಖಲಿಸಿದ್ದರು. ಆ ಮೋಡದ ಮೊದಲ ದಾಖಲೆ ಅದೇ. 1923ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದಲ್ಲಿ ಎಡ್ವಿನ್ ಹಬಲ್ ಅದೇ ಮೋಡದ ಫಲಕವನ್ನು ಪರೀಕ್ಷಿಸುತ್ತಾ ಹೊಸ ನಕ್ಷತ್ರವೆಂದು ಒಂದು ಚುಕ್ಕಿಗೆ ಗುರುತು ಹಾಕಿದ. ಹಳೆಯ ಫಲಕಗಳೊಂದಿಗೆ ಹೋಲಿಸಿದಾಗ ಅದು ಹಿಂದೆಯೂ ಏರಿಳಿದಿತ್ತು. ಗುರುತನ್ನು ಹೊಡೆದುಹಾಕಿ, ಚರ ನಕ್ಷತ್ರವೆಂದು ತಿದ್ದಿದ. ಅವಧಿ ಸುಮಾರು 31 ದಿನ. ಲೆವಿಟ್ ಅವರ ನಿಯಮದಿಂದ ಲೆಕ್ಕ ಮಾಡಿದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ! ಶ್ಯಾಪ್ಲಿಯ ಆಕಾಶಗಂಗೆಗಿಂತ ಎಷ್ಟೋ ಆಚೆ. ಅಲ್ ಸೂಫಿ ಕಂಡ ಪುಟ್ಟ ಮೋಡ ನಮ್ಮದರಂತೆಯೇ ಒಂದು ಗೆಲಾಕ್ಸಿ. 1925ರ ಜನವರಿ 1ರಂದು ಈ ಫಲಿತಾಂಶವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಲಾಯಿತು. (1952ರಲ್ಲಿ ವಾಲ್ಟರ್ ಬಾಡೆ, ಇಂಥ ನಕ್ಷತ್ರಗಳಲ್ಲಿ ಎರಡು ಬಗೆ ಬೆರೆತುಹೋಗಿವೆ ಎಂದು ತೋರಿಸಿದ ಮೇಲೆ ಈ ದೂರ ಹೆಚ್ಚಾಯಿತು. ಇಂದಿನ ಲೆಕ್ಕ ಸುಮಾರು 25 ಲಕ್ಷ ಜ್ಯೋತಿರ್ವರ್ಷ.)

ಇದನ್ನೆಲ್ಲ ಕೇಳಲು ಲೆವಿಟ್ ಇರಲಿಲ್ಲ. 1919ರಲ್ಲಿ ಪಿಕರಿಂಗ್ ತೀರಿಕೊಂಡರು. 1921ರಲ್ಲಿ ಶ್ಯಾಪ್ಲಿಯೇ ಹಾರ್ವರ್ಡ್‌ಗೆ ಹೊಸ ನಿರ್ದೇಶಕನಾಗಿ ಬಂದು ಲೆವಿಟ್ ಅವರನ್ನು ನಕ್ಷತ್ರಗಳ ಹೊಳಪು ಅಳೆಯುವ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದ. ಅಷ್ಟರಲ್ಲಿ ಹೊಟ್ಟೆಯ ಕ್ಯಾನ್ಸರ್ ಅವರನ್ನು ಹಿಡಿದಿತ್ತು. ಅದೇ ವರ್ಷ ಡಿಸೆಂಬರ್ 12ರಂದು, 53ನೇ ವಯಸ್ಸಿನಲ್ಲಿ, ತೀರಿಕೊಂಡರು. ಮದುವೆಯಾಗಿರಲಿಲ್ಲ, ಕೊನೆಯ ವರ್ಷಗಳಲ್ಲಿ ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ತಾಯಿಗೆ ಬಿಟ್ಟುಹೋದ ಆಸ್ತಿ, ಮನೆಯ ಸಾಮಾನು ಎಲ್ಲ ಸೇರಿಸಿ, 300 ಡಾಲರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ.

1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್ ಲೆಫ್ಲರ್ ಅವರಿಂದ ಲೆವಿಟ್ ಅವರ ಹೆಸರಿಗೆ ಒಂದು ಪತ್ರ ಹಾರ್ವರ್ಡ್‌ಗೆ ಬಂತು. ಅವರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸುವ ವಿಚಾರ ಅದರಲ್ಲಿತ್ತು. ಅವರು ಬದುಕಿಲ್ಲವೆಂಬುದು ಸ್ವೀಡನ್ನಿಗೆ ತಿಳಿದಿರಲಿಲ್ಲ, ಸತ್ತವರನ್ನು ಆ ಪ್ರಶಸ್ತಿಗೆ ಸೂಚಿಸುವಂತಿಲ್ಲ. ಶ್ಯಾಪ್ಲಿ ಉತ್ತರ ಬರೆದ. ಲೆವಿಟ್ ಅವರನ್ನು ಹೊಗಳಿದ, ಜೊತೆಗೆ ಆ ನಿಯಮಕ್ಕೆ ಸರಿಯಾದ ಅರ್ಥ ಹೇಳಿದವನು ತಾನೆಂಬುದನ್ನೂ ಸೇರಿಸಿದ. ಓದುಗರೇ, ಇದಕ್ಕೆ ಏನೆನ್ನಬೇಕೋ ನೀವೇ ನಿರ್ಧರಿಸಿ. ಇತ್ತೀಚಿನ ವರ್ಷಗಳಲ್ಲಿ ಆ ನಿಯಮವನ್ನು ಲೆವಿಟ್ ನಿಯಮ ಎಂದೇ ಕರೆಯುವ ಖಗೋಳ ವಿಜ್ಞಾನಿಗಳು ಹೆಚ್ಚಾಗಿದ್ದಾರೆ. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ.

ಅವರ ಕೆಲಸ ಇಂದು ಯಂತ್ರಗಳಿಗೆ ಹೋಗಿದೆ, ರೀತಿ ಮಾತ್ರ ಅದೇ. ಕ್ಯಾಲಿಫೋರ್ನಿಯಾದ ಪಲೋಮರ್ ಬೆಟ್ಟದಲ್ಲಿ 2018ರಲ್ಲಿ ಶುರುವಾದ ಜ್ವಿಕಿ ಸಮೀಕ್ಷೆಯ ಕ್ಯಾಮೆರಾ ಒಂದೇ ಸಲಕ್ಕೆ 47 ಚದರ ಡಿಗ್ರಿ ಆಕಾಶವನ್ನು ಹಿಡಿಯುತ್ತದೆ, ಅಂದರೆ ಬ್ರೂಸ್ ದೂರದರ್ಶಕದ ಒಂದು ಫಲಕಕ್ಕಿಂತ ತುಸು ಹೆಚ್ಚು. ಹೊಸ ಚಿತ್ರದಿಂದ ಹಳೆಯ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ, ಬದಲಾಗದ್ದೆಲ್ಲ ಅಳಿಸಿಹೋಗಿ ಬದಲಾದದ್ದು ಮಾತ್ರ ಉಳಿಯುತ್ತದೆ. ಪಾಸಿಟಿವ್ ಮೇಲೆ ನೆಗೆಟಿವ್ ಕೂರಿಸಿದ ಹಾಗೆಯೇ. ಪೋಲೆಂಡಿನ ವಾರ್ಸಾ ವಿಶ್ವವಿದ್ಯಾಲಯದವರು ಚಿಲಿ ದೇಶದಲ್ಲಿ 1992ರಿಂದ ನಡೆಸಿದ ಓಗಲ್ ಸಮೀಕ್ಷೆ ಅದೇ ಎರಡು ಮೆಗೆಲನ್ ಮೋಡಗಳಲ್ಲಿ ಸಾವಿರಾರು ಸೆಫೀಡ್‌ಗಳನ್ನು ಪಟ್ಟಿ ಮಾಡಿದೆ. ಯುರೋಪಿನ ಗಾಯಾ ಉಪಗ್ರಹದ 2022ರ ಪಟ್ಟಿಯಲ್ಲಿ ಒಂದು ಕೋಟಿಗೂ ಹೆಚ್ಚು ಚರ ಕಾಯಗಳಿವೆ. ಚಿಲಿಯಲ್ಲಿಯೇ ಕಟ್ಟಲಾದ, ವೆರಾ ರೂಬಿನ್ ಎಂಬ ಮಹಿಳಾ ವಿಜ್ಞಾನಿಯ ಹೆಸರಿನ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. ಇಂಥ ಸಮೀಕ್ಷೆಗಳು ಹೊಸದೇನಾದರೂ ಕಂಡಾಗ ಬೇರೆ ದೇಶಗಳ ದೂರದರ್ಶಕಗಳು ಬೆನ್ನು ಹತ್ತುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಮುಂಬೈ ಐಐಟಿಯೊಂದಿಗೆ ಸೇರಿ ಲಡಾಖಿನ ಹಾನ್ಲೆಯಲ್ಲಿ 2018ರಲ್ಲಿ ಸ್ಥಾಪಿಸಿದ 70 ಸೆಂಟಿಮೀಟರ್ ದೂರದರ್ಶಕ ಈ ಬಗೆಯ ಕೆಲಸಕ್ಕಾಗಿಯೇ ಇದೆ. ನಮ್ಮ ಬಿ.ಎಸ್ಸಿ. ಓದುವ ಮಕ್ಕಳು ಇತ್ತ ಗಮನ ಹರಿಸಬಹುದು.

ಹಾರ್ವರ್ಡ್‌ನ ಹಳೆಯ ಗಾಜಿನ ಫಲಕಗಳು ಇಂದಿಗೂ ಕಪಾಟುಗಳಲ್ಲಿವೆ, ಒಟ್ಟು 5 ಲಕ್ಷಕ್ಕೂ ಹೆಚ್ಚು. ನೂರು ವರ್ಷಗಳ ಆಕಾಶ ಬೇರೆಲ್ಲೂ ಹೀಗೆ ಸಿಗದು ಎಂದು ಅವುಗಳಲ್ಲಿ 4 ಲಕ್ಷಕ್ಕೂ ಹೆಚ್ಚನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಲಾಗಿದೆ. ಸ್ಕ್ಯಾನ್ ಮಾಡುವ ಮೊದಲು ಗಾಜನ್ನು ಒರೆಸಿ ಸ್ವಚ್ಛ ಮಾಡಬೇಕಿತ್ತು, ಒರೆಸಿದರೆ ಆ ಮಹಿಳೆಯರು ಶಾಯಿಯಿಂದ ಮಾಡಿದ ಬಾಣ, ವೃತ್ತ, ಸಂಖ್ಯೆಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಮೊದಲು ಗುರುತುಗಳ ಸಮೇತ ಪ್ರತಿ ಫಲಕದ ಫೋಟೊ ತೆಗೆದುಕೊಂಡರು, ಆಮೇಲೆ ಒರೆಸಿದರು. ಕೆಲವು ಫಲಕಗಳನ್ನು ಮಾತ್ರ ಮುಟ್ಟದೆ, ಅವರ ಕೈಬರಹದೊಂದಿಗೆ, ಹಾಗೆಯೇ ಉಳಿಸಿಕೊಂಡಿದ್ದಾರೆ.